ಹನ್ನೊಂದು ಅಂಕದ ತಂಡವನ್ನು ಚಾಂಪಿಯನ್ ಮಾಡಬೇಡಿ

ಫುಟ್‌ಬಾಲ್ ವಿಡಿಯೊ ಗೇಮ್ ಆಡುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ರಿಯಲ್ ಮ್ಯಾಡ್ರಿಡ್, ಮ್ಯಾಂಚೆಸ್ಟರ್ ಸಿಟಿಯಂಥ ತಂಡ ಕಟ್ಟಿಕೊಂಡು ಗೆಲ್ಲುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಅಂಕಪಟ್ಟಿಯ ತಳದಲ್ಲಿ ಬಿದ್ದಿರುವ ತಂಡವೊಂದನ್ನು ಕೈಗೆತ್ತಿಕೊಂಡು ನಾಲ್ಕೈದು ಸೀಸನ್‌ಗಳಲ್ಲಿ ಯುರೋಪಿನ ಚಾಂಪಿಯನ್ ಮಾಡಿ ತೋರಿಸುವವನೇ ನಿಜವಾದ ಆಟಗಾರ ಎಂಬುದು ಆ ನಂಬಿಕೆ. ಕೇಳುವುದಕ್ಕೆ ಚೆನ್ನಾಗಿದೆ. ದುರ್ಬಲರ ಪರ ನಿಂತ ಮಾತಿನಂತೆಯೂ ಕೇಳಿಸುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಐದು ವರ್ಷದಲ್ಲಿ ಕಪ್ ಎತ್ತುವ ಕೆಟ್ಟ ತಂಡವನ್ನು ಆಡಿಸಿದವರು ಕೆಟ್ಟ ತಂಡವನ್ನು ಆಡಿಸಿಯೇ ಇರುವುದಿಲ್ಲ. ಹೆಸರು, ಅಂಗಿಯ ಬಣ್ಣ, ಕ್ರೀಡಾಂಗಣ ಇಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಹೊರಗೆ ಹಾಕಿರುತ್ತಾರೆ. ಕೆಟ್ಟ ತಂಡದೊಂದಿಗೆ ಕಳೆಯುವ ಸೀಸನ್‌ಗೆ ಅದರದ್ದೇ ಆದ ಬೆಲೆ ಇದೆ. ತಂಡ ಕೆಟ್ಟದ್ದಾಗಿಯೇ ಉಳಿದರೆ ಮಾತ್ರ ಆ ಬೆಲೆ ನಮಗೆ ದಕ್ಕುತ್ತದೆ ಎಂಬುದು ನನ್ನ ವಾದ.

ಯಾವ ತಂಡದ ಮಾತು ಎಂದು ಹೇಳಿಯೇ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನ ಡರ್ಬಿ ಕೌಂಟಿ, 2007–08ರ ಸೀಸನ್. 38 ಪಂದ್ಯ, 1 ಗೆಲುವು, 8 ಡ್ರಾ, 29 ಸೋಲು. ಒಟ್ಟು 11 ಅಂಕ. ಹೊಡೆದ ಗೋಲು 20, ಬಿಟ್ಟುಕೊಟ್ಟದ್ದು 89. ಹಿಂದಿನ ಮೇ ತಿಂಗಳಲ್ಲಷ್ಟೇ ವೆಂಬ್ಲಿಯಲ್ಲಿ ವೆಸ್ಟ್ ಬ್ರಾಮ್ ತಂಡವನ್ನು 1–0ರಿಂದ ಸೋಲಿಸಿ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆದಿದ್ದ ತಂಡ ಅದು. ಆ ಸೀಸನ್‌ನ ಒಂದೇ ಒಂದು ಗೆಲುವು ಬಂದದ್ದು 2007ರ ಸೆಪ್ಟೆಂಬರ್ 17ರಂದು, ತನ್ನದೇ ಅಂಗಳ ಪ್ರೈಡ್ ಪಾರ್ಕ್‌ನಲ್ಲಿ, ನ್ಯೂಕ್ಯಾಸಲ್ ವಿರುದ್ಧ. ಗೋಲು ಹೊಡೆದವನು ಕೆನ್ನಿ ಮಿಲ್ಲರ್. ಅಲ್ಲಿಂದ ಮುಂದಿನ 32 ಲೀಗ್ ಪಂದ್ಯಗಳಲ್ಲಿ ಗೆಲುವೇ ಇಲ್ಲ. ನವೆಂಬರ್‌ನಲ್ಲಿ ಮ್ಯಾನೇಜರ್ ಬಿಲ್ಲಿ ಡೇವಿಸ್ ಹೋದರು, ಪಾಲ್ ಜ್ಯೂವೆಲ್ ಬಂದರು. ಜ್ಯೂವೆಲ್ ಆ ಸೀಸನ್ ಮುಗಿಯುವವರೆಗೆ ಲೀಗ್‌ನಲ್ಲಿ ಒಂದು ಗೆಲುವನ್ನೂ ಕಾಣಲಿಲ್ಲ. 2008ರ ಮಾರ್ಚ್ 29ರಂದು, ಇನ್ನೂ ಆರು ಪಂದ್ಯ ಬಾಕಿ ಇರುವಾಗಲೇ, ಹಿಂಬಡ್ತಿ ಖಚಿತವಾಯಿತು. 2024–25ರಲ್ಲಿ ಸೌತಾಂಪ್ಟನ್ ಪ್ರೀಮಿಯರ್ ಲೀಗ್‌ನ ಅತಿ ಕಡಿಮೆ ಅಂಕದ ಈ ದಾಖಲೆಯ ಹತ್ತಿರಕ್ಕೆ ಬಂದಿತ್ತು. ಮೇ 10ರಂದು ಮ್ಯಾಂಚೆಸ್ಟರ್ ಸಿಟಿಯನ್ನು 0–0ಯಲ್ಲಿ ತಡೆದು ಹನ್ನೆರಡನೇ ಅಂಕ ಗಳಿಸಿ ಪಾರಾಯಿತು.

ಡರ್ಬಿಯ ಆ ದಿನಗಳಲ್ಲೇ, 2007ರ ಅಕ್ಟೋಬರ್‌ನಲ್ಲಿ, ಫುಟ್‌ಬಾಲ್ ಮ್ಯಾನೇಜರ್ 2008 ಬಿಡುಗಡೆಯಾಯಿತು. ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಸಹೋದರರು 1992ರಲ್ಲಿ ತಂದ ಚಾಂಪಿಯನ್‌ಶಿಪ್ ಮ್ಯಾನೇಜರ್‌ನ ವಂಶದ ಆಟ ಅದು. ಇಲ್ಲಿ ಚೆಂಡನ್ನು ನೀವು ಒದೆಯುವುದಿಲ್ಲ. ತಂಡ ಆರಿಸುತ್ತೀರಿ, ವ್ಯೂಹ ಹೇಳುತ್ತೀರಿ, ಉಳಿದದ್ದನ್ನು ಆಟಗಾರರು ಮಾಡುವುದನ್ನು ನೋಡುತ್ತೀರಿ. ಮೂರು ಆಯಾಮದ ಪಂದ್ಯ ಮರುವರ್ಷದ ಆವೃತ್ತಿಯಲ್ಲಿ ಬಂತು. 2008ರದ್ದರಲ್ಲಿ ಹಸಿರು ಅಂಗಳದ ಮೇಲೆ ಬಣ್ಣದ ಬಿಲ್ಲೆಗಳು ಓಡಾಡುತ್ತವೆ, ಅಷ್ಟೆ. ಕೆಟ್ಟ ತಂಡವೆಂದರೆ ಏನು ಎಂಬುದನ್ನು ಆ ಬಿಲ್ಲೆಗಳು ತೋರಿಸಿದಷ್ಟು ಚೆನ್ನಾಗಿ ಇಂದಿನ ಬೆವರು ಹನಿ ಕಾಣುವ ಚಿತ್ರಗಳೂ ತೋರಿಸಿಲ್ಲ.

ಇಂಥ ತಂಡವನ್ನು ಆರಿಸಿಕೊಂಡ ಹೆಚ್ಚಿನವರು ಮೊದಲ ದಿನ ಏನು ಮಾಡುತ್ತಾರೆ? ನೇರವಾಗಿ ಟ್ರಾನ್ಸ್‌ಫರ್ ಮಾರುಕಟ್ಟೆಗೆ ನುಗ್ಗುತ್ತಾರೆ. ಈ ಆಟದಲ್ಲಿ ಪ್ರತಿ ಆಟಗಾರನ ಹಿಂದೆಯೂ 200ಕ್ಕೆ ಲೆಕ್ಕ ಹಾಕಿದ ಎರಡು ಗುಪ್ತ ಸಂಖ್ಯೆಗಳಿರುತ್ತವೆ. ಒಂದು ಇವತ್ತಿನ ಸಾಮರ್ಥ್ಯ, ಇನ್ನೊಂದು ಮುಂದೆ ಮುಟ್ಟಬಹುದಾದ ಎತ್ತರ. ಎರಡನೆಯ ಸಂಖ್ಯೆ ದೊಡ್ಡದಿರುವ, ಸದ್ಯಕ್ಕೆ ಅಗ್ಗವಾಗಿ ಸಿಗುವ ಹದಿನೇಳರ ಹುಡುಗರ ಹೆಸರುಗಳು ಆಡುವವರ ನಡುವೆ ಬಾಯಿಂದ ಬಾಯಿಗೆ ಹರಡುತ್ತವೆ. 2001–02ರ ಚಾಂಪಿಯನ್‌ಶಿಪ್ ಮ್ಯಾನೇಜರ್‌ನಲ್ಲಿ ಮಿಲ್‌ವಾಲ್‌ನ ಚೆರ್ನೊ ಸಾಂಬಾ ಎಂಬ ಹುಡುಗ ಹಾಗೆ ಹೆಸರಾದ. ಪರದೆಯ ಮೇಲೆ ವಿಶ್ವದ ದೊಡ್ಡ ಗೋಲುಗಾರನಾಗುತ್ತಿದ್ದವನ ನಿಜದ ವೃತ್ತಿಜೀವನ ಕೆಳ ಹಂತದ ಲೀಗ್‌ಗಳಲ್ಲಿ, ದೇಶದಿಂದ ದೇಶಕ್ಕೆ ಅಲೆದಾಟದಲ್ಲಿ ಕಳೆಯಿತು. ಅದೇ ಆವೃತ್ತಿಯಲ್ಲಿ ಟೊ ಮಡೇರಾ ಎಂಬ ಪೋರ್ಚುಗಲ್‌ನ ಸ್ಟ್ರೈಕರ್ ಇದ್ದ. ಆಟದಲ್ಲಿ ತೋರಿಸಿದಂಥ ಆಟಗಾರ ಲೋಕದಲ್ಲಿ ಇರಲೇ ಇಲ್ಲ. ಇಂಥ ಹೆಸರುಗಳ ಪಟ್ಟಿ ಕೈಯಲ್ಲಿಟ್ಟುಕೊಂಡು ತಳದ ತಂಡವನ್ನು ಮೇಲೆತ್ತುವುದು, ಸೋರಿಕೆಯಾದ ಪ್ರಶ್ನೆಪತ್ರಿಕೆ ಓದಿಕೊಂಡು ರ‍್ಯಾಂಕ್ ಬಂದ ಹಾಗೆ. ಅದರ ಮೇಲೆ, ಸೋತರೆ ಹಳೆಯ ಸೇವ್ ತೆರೆದು ಪಂದ್ಯವನ್ನೇ ಮತ್ತೆ ಆಡುವುದು ಬೇರೆ. ಎರಡು ಸೀಸನ್ ಕಳೆಯುವಷ್ಟರಲ್ಲಿ ಮೊದಲ ದಿನದ ಹನ್ನೊಂದು ಮಂದಿಯಲ್ಲಿ ಒಬ್ಬನೂ ಉಳಿದಿರುವುದಿಲ್ಲ. ಆಮೇಲೆ ಗೆದ್ದ ತಂಡಕ್ಕೂ ಡರ್ಬಿಗೂ ಏನು ಸಂಬಂಧ?

ನಾನು ಡರ್ಬಿಯನ್ನು ಹಿಡಿದಾಗ ಮೂರು ಕಟ್ಟುಪಾಡು ಹಾಕಿಕೊಂಡೆ. ಯಾರನ್ನೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಸೋತದ್ದನ್ನು ಅಳಿಸಿ ಮತ್ತೆ ಆಡುವುದಿಲ್ಲ. ಕ್ಲಬ್ಬಿನವರು ಕೆಲಸದಿಂದ ತೆಗೆದರೆ ಆಟ ಅಲ್ಲಿಗೇ ಮುಗಿಯಿತು. ಹೀಗಾಗಿ ನಿಜದಲ್ಲಿ ಜನವರಿಯಲ್ಲಿ ಲೆಸ್ಟರ್‌ಗೆ ಹೊರಟುಹೋದ ಸ್ಟೀವ್ ಹೊವಾರ್ಡ್ ಮತ್ತು ಮ್ಯಾಟ್ ಓಕ್ಲಿ ನನ್ನ ತಂಡದಲ್ಲಿ ಕೊನೆಯವರೆಗೂ ಉಳಿದರು.

ಆಗಸ್ಟ್ ಕಳೆಯುವುದರೊಳಗೆ ನನ್ನ ಪ್ರಶ್ನೆಯೇ ಬೇರೆಯಾಗಿತ್ತು. ಈ ಪಂದ್ಯ ಗೆಲ್ಲುವುದು ಹೇಗೆ ಎಂಬುದು ಹೋಗಿ, ಈ ಪಂದ್ಯದಲ್ಲಿ ಅರವತ್ತನೇ ನಿಮಿಷದವರೆಗೆ ಗೋಲು ಬಿಡದೆ ಇರುವುದು ಹೇಗೆ ಎಂಬುದು ಬಂತು. ದೊಡ್ಡ ತಂಡದ ಜೊತೆ ಆಡುವಾಗ ಎಂದೂ ಮುಟ್ಟದೆ ಬಿಡುವ ಸ್ಲೈಡರ್‌ಗಳೆಲ್ಲ ಆಗ ಕೆಲಸಕ್ಕೆ ಬಂದವು. ರಕ್ಷಣೆಯ ಸಾಲನ್ನು ಎಷ್ಟು ಹಿಂದಕ್ಕೆ ಎಳೆಯಬೇಕು, ಆಟದ ವೇಗ ಎಷ್ಟು ತಗ್ಗಿಸಬೇಕು, ಗೋಲ್‌ಕಿಕ್ ತೆಗೆದುಕೊಳ್ಳುವಾಗ ಎಷ್ಟು ಹೊತ್ತು ಕಳೆಯಬೇಕು ಎಂಬ ಒಂದೊಂದು ಗೆರೆಗೂ ಅರ್ಥ ಹುಟ್ಟಿತು. ಸಾಲನ್ನು ತೀರ ಹಿಂದಕ್ಕೆ ಎಳೆದರೆ ಗೋಲ್‌ಕೀಪರ್ ಸ್ಟೀಫನ್ ಬೈವಾಟರ್‌ನ ಮುಂದೆ ಜನ ಕಿಕ್ಕಿರಿದು, ದೂರದಿಂದ ಹೊಡೆದ ಚೆಂಡು ಯಾರದೋ ಕಾಲಿಗೆ ತಗುಲಿ ಒಳಗೆ ಹೋಗುತ್ತಿತ್ತು. ಒಂದಿಷ್ಟು ಮುಂದೆ ತಂದರೆ ಡ್ಯಾರೆನ್ ಮೂರ್‌ನ ಬೆನ್ನ ಹಿಂದೆ ಜಾಗ ತೆರೆಯುತ್ತಿತ್ತು. ಮೂರ್ ಎತ್ತರದ, ಭಾರದ ಮನುಷ್ಯ. ಗಾಳಿಯಲ್ಲಿ ಬಂದ ಚೆಂಡನ್ನು ಬಿಡುತ್ತಿರಲಿಲ್ಲ, ಓಟದಲ್ಲಿ ಮಾತ್ರ ಯಾರನ್ನೂ ಹಿಡಿಯಲಾರ. ಇವೆರಡರ ನಡುವಿನ ಸಣ್ಣ ಜಾಗದಲ್ಲಿ ಡರ್ಬಿಯ ಇಡೀ ಸೀಸನ್ ಇತ್ತು. ಅದೇ ಮೂರ್‌ನನ್ನು ನಮ್ಮ ಕಾರ್ನರ್‌ಗೆ ಮುಂದೆ ಕಳಿಸಬೇಕೇ ಎಂಬುದು ಪ್ರತಿ ಬಾರಿಯೂ ಹೊಸ ಲೆಕ್ಕ. ಕಳಿಸಿದರೆ ಗೋಲು ಬರಬಹುದು. ಚೆಂಡು ಅವರ ಕೈಗೆ ಸಿಕ್ಕರೆ ಹಿಂದಕ್ಕೆ ಓಡಿ ಬರುವ ವೇಗ ಅವನಿಗಿಲ್ಲ.

ಸೋಲಿನಲ್ಲೂ ದರ್ಜೆಗಳಿವೆ ಎಂಬುದು ಆಗಲೇ ಮನಸ್ಸಿಗೆ ಇಳಿಯುವುದು. ಅಂಕ ಸಮವಾದರೆ ಗೋಲಿನ ಅಂತರ ಲೆಕ್ಕಕ್ಕೆ ಬರುವುದರಿಂದ 0–2ಕ್ಕೆ ಸೋಲುವುದೂ 0–5ಕ್ಕೆ ಸೋಲುವುದೂ ಒಂದೇ ಅಲ್ಲ. ಎರಡು ಗೋಲು ಹಿಂದಿರುವಾಗ ಮುನ್ನುಗ್ಗಿ ಒಂದನ್ನು ಹಿಂದಿರುಗಿಸಲು ನೋಡಬೇಕೋ, ಬಾಗಿಲು ಹಾಕಿಕೊಂಡು ಅಷ್ಟಕ್ಕೇ ಮುಗಿಸಬೇಕೋ? ಬುಧವಾರ ಓಲ್ಡ್ ಟ್ರಾಫರ್ಡ್‌ನಲ್ಲಿ ಪಂದ್ಯ, ಶನಿವಾರ ಮನೆಯಂಗಳದಲ್ಲಿ ತಮ್ಮಷ್ಟೇ ಬಡ ತಂಡದೊಂದಿಗೆ ಪಂದ್ಯ ಎಂದಾದರೆ ಒಳ್ಳೆಯ ಕಾಲುಗಳನ್ನು ಯಾವುದಕ್ಕೆ ಉಳಿಸಬೇಕು? ಇದು ಪರದೆಯ ಮೇಲಿನ ಕಲ್ಪನೆಯ ಪ್ರಶ್ನೆಯಲ್ಲ. 2009ರ ಡಿಸೆಂಬರ್‌ನಲ್ಲಿ ವುಲ್ವ್ಸ್‌ನ ಮ್ಯಾನೇಜರ್ ಮಿಕ್ ಮೆಕಾರ್ಥಿ ಓಲ್ಡ್ ಟ್ರಾಫರ್ಡ್ ಪಂದ್ಯಕ್ಕೆ ಹತ್ತು ಮಂದಿಯನ್ನು ಬದಲಿಸಿದರು. 3–0ರಿಂದ ಸೋತರು, ಟೀಕೆಗೆ ಗುರಿಯಾದರು, ಲೀಗ್ 25,000 ಪೌಂಡ್‌ಗಳ ತಡೆಹಿಡಿದ ದಂಡವನ್ನೂ ವಿಧಿಸಿತು. ಮುಂದಿನ ಪಂದ್ಯದಲ್ಲಿ ವುಲ್ವ್ಸ್ ಬರ್ನ್‌ಲಿಯನ್ನು 2–0ರಿಂದ ಸೋಲಿಸಿತು, ಆ ವರ್ಷ ಲೀಗ್‌ನಲ್ಲಿ ಉಳಿದುಕೊಂಡಿತು. ಮೆಕಾರ್ಥಿ ಮಾಡಿದ್ದು ಸರಿ ಎಂದು ನಾನು ನಂಬಿದ್ದೇನೆ. ಡರ್ಬಿಯೊಂದಿಗೆ ಒಂದು ಚಳಿಗಾಲ ಕಳೆದವರಿಗೆ ಅವರ ಲೆಕ್ಕ ಒಡನೆಯೇ ಅರ್ಥವಾಗುತ್ತದೆ.

ನನ್ನ ಡರ್ಬಿಯೂ ಕೊನೆಗೆ ಹಿಂಬಡ್ತಿಯನ್ನೇ ಪಡೆಯಿತು. ನಿಜದ ಡರ್ಬಿಗಿಂತ ಕೆಲವು ಅಂಕ ಹೆಚ್ಚು ಸಿಕ್ಕಿತ್ತು, ಕೊನೆಯ ಸ್ಥಾನವೇನೂ ತಪ್ಪಲಿಲ್ಲ. ಆ ಸೀಸನ್‌ನ ಗೋಲಿಲ್ಲದ ಡ್ರಾಗಳು ಇವತ್ತಿಗೂ ನೆನಪಿವೆ; ದೊಡ್ಡ ತಂಡಗಳೊಂದಿಗೆ ಬೇರೆ ಸಲ ಗೆದ್ದ ಕಪ್‌ಗಳಲ್ಲಿ ಒಂದೂ ನೆನಪಿಲ್ಲ.

ಚೆಂಡನ್ನು ನಮ್ಮ ಬೆರಳಿಗೇ ಕೊಡುವ ಆಟಗಳಲ್ಲಿ ಈ ಅನುಭವ ಸಿಗುವುದು ಇನ್ನೂ ಕಷ್ಟ. 1993ರಲ್ಲಿ ಫಿಫಾ ಹೆಸರಿನಲ್ಲಿ ಶುರುವಾಗಿ 2023ರಿಂದ ಎಫ್‌ಸಿ ಎಂದು ಕರೆಸಿಕೊಳ್ಳುತ್ತಿರುವ ಇಎ ಸ್ಪೋರ್ಟ್ಸ್‌ನ ಸರಣಿಯಲ್ಲಿ ತಂಡಗಳಿಗೆ ಅರ್ಧ ನಕ್ಷತ್ರದಿಂದ ಐದು ನಕ್ಷತ್ರದವರೆಗೆ ದರ್ಜೆ ಇದೆ. ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿಕೊಂಡಾಗ ನಮ್ಮ ಬೆಂಗಳೂರು ಎಫ್‌ಸಿಯನ್ನೂ ಪರದೆಯ ಮೇಲೆ ಕಂಡೆವು. ನಮ್ಮ ಲೀಗ್‌ನ ತಂಡಗಳೆಲ್ಲ ನಕ್ಷತ್ರಗಳ ಲೆಕ್ಕದಲ್ಲಿ ತಳದವೇ. ಆದರೂ ಕೈ ಪಳಗಿದ ಹುಡುಗನೊಬ್ಬ ಆ ತಂಡ ಹಿಡಿದು ಯುರೋಪಿನ ದೊಡ್ಡ ಕ್ಲಬ್ಬನ್ನು ಹೊಡೆಯಬಲ್ಲ. ಕಾರಣ ಸರಳ. ಕೆಟ್ಟ ತಂಡದ ಕೆಡುಕು ಹೆಚ್ಚಾಗಿ ಕಾಲಿನಲ್ಲಿರುವುದಿಲ್ಲ, ನಿರ್ಧಾರದಲ್ಲಿರುತ್ತದೆ. ಒತ್ತಡ ಬಂದಾಗ ಡಿಫೆಂಡರ್ ಚೆಂಡನ್ನು ಯಾರಿಗೆ ಕೊಡುತ್ತಾನೆ, ಸ್ಟ್ರೈಕರ್ ಒಂದು ಹೆಜ್ಜೆ ಬೇಗ ಓಡಿ ಆಫ್‌ಸೈಡ್ ಆಗುತ್ತಾನೆಯೇ, ಎಂಬತ್ತನೇ ನಿಮಿಷದಲ್ಲಿ ಮಿಡ್‌ಫೀಲ್ಡರ್ ತನ್ನ ಜಾಗ ಬಿಟ್ಟು ಚೆಂಡಿನ ಹಿಂದೆ ಹೋಗುತ್ತಾನೆಯೇ ಎಂಬುದರಲ್ಲಿ ಇರುತ್ತದೆ. ಕಂಟ್ರೋಲರ್ ಕೈಗೆ ಬಂದ ಕ್ಷಣ ಚೆಂಡಿರುವ ಆಟಗಾರನ ನಿರ್ಧಾರಗಳೆಲ್ಲ ನಮ್ಮವಾಗುತ್ತವೆ. ದುರ್ಬಲ ಡಿಫೆಂಡರ್‌ನ ದೇಹದೊಳಗೆ ಗಾಬರಿಯಿಲ್ಲದ, ಅಂಗಳವನ್ನೆಲ್ಲ ಮೇಲಿನಿಂದ ನೋಡುತ್ತಿರುವ ಮನಸ್ಸೊಂದು ಹೊಕ್ಕಂತಾಯಿತು. ಉಳಿಯುವುದು ಓಟದ ವೇಗ, ಒದೆತದ ಬಲದಂಥ ಸಂಖ್ಯೆಗಳು ಮಾತ್ರ. ಅವನ್ನು ಮೀರುವ ಉಪಾಯಗಳನ್ನು ಬೆರಳು ಬೇಗ ಕಲಿಯುತ್ತದೆ. ಹಾಗಾಗಿ ಅರ್ಧ ನಕ್ಷತ್ರದ ತಂಡದಲ್ಲಿ ಕಪ್ ಗೆದ್ದೆ ಎಂಬ ಮಾತು ಬೆರಳಿನ ಚುರುಕನ್ನು ಹೇಳುತ್ತದೆಯೇ ಹೊರತು ಆ ತಂಡದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಫುಟ್‌ಬಾಲ್ ಮ್ಯಾನೇಜರ್ ಈ ವಿಷಯದಲ್ಲಿ ಪ್ರಾಮಾಣಿಕ. ಅಲ್ಲಿ ಆಟಗಾರನ ಗುಣಗಳಿಗೆ 1ರಿಂದ 20ರವರೆಗೆ ಅಂಕ ಕೊಡುವಾಗ ವೇಗ, ಬಲಗಳ ಪಕ್ಕದಲ್ಲೇ ನಿರ್ಧಾರಶಕ್ತಿ, ಏಕಾಗ್ರತೆ, ಸ್ಥಿಮಿತ, ನಿಲ್ಲಬೇಕಾದ ಜಾಗದ ಅರಿವು ಇವಕ್ಕೂ ಅಂಕಗಳಿವೆ. ಏಕಾಗ್ರತೆ ಕಡಿಮೆ ಇರುವ ಡಿಫೆಂಡರ್ ಎಂಬತ್ತು ನಿಮಿಷ ಚೆನ್ನಾಗಿ ಆಡಿ ಎಂಬತ್ತೊಂದನೆಯದರಲ್ಲಿ ಎದುರಾಳಿಯನ್ನು ಬಿಟ್ಟುಬಿಡುತ್ತಾನೆ. ನೀವು ಪರದೆಯ ಈಚೆ ಕೂತು ನೋಡುವುದಷ್ಟೇ. ಅಂಗಳದಂಚಿನಲ್ಲಿ ನಿಂತ ಜ್ಯೂವೆಲ್ ಮಾಡಬಹುದಾಗಿದ್ದದ್ದೂ ಅಷ್ಟೇ. ಇಷ್ಟು ಒಳ್ಳೆಯ ಯಂತ್ರವನ್ನು ಕಟ್ಟಿದವರು ಅದರ ಜೊತೆಗೇ ಎಲ್ಲವನ್ನೂ ಕೊಂಡು ಸರಿಪಡಿಸಿಬಿಡುವ ಮಾರುಕಟ್ಟೆಯನ್ನೂ ಅಷ್ಟು ಸಲೀಸಾಗಿ ತೆರೆದಿಟ್ಟಿದ್ದಾರೆ ಎಂಬುದೇ ನನ್ನ ಬೇಸರ.

ತಂಡ ಯಾಕೆ ಕೆಟ್ಟಿತು ಎಂಬ ಪ್ರಶ್ನೆಯನ್ನು ಮೇಲೇರುವ ಕಥೆ ಕೇಳುವುದೇ ಇಲ್ಲ. ಡರ್ಬಿ ಆ ಬೇಸಿಗೆಯಲ್ಲಿ ಕೈಕಟ್ಟಿ ಕೂತಿರಲಿಲ್ಲ. ನಾರ್ವಿಚ್‌ನಿಂದ ರಾಬರ್ಟ್ ಅರ್ನ್‌ಶಾ, ಶೆಫೀಲ್ಡ್ ಯುನೈಟೆಡ್‌ನಿಂದ ಕ್ಲಾಡ್ ಡೇವಿಸ್ ಹೀಗೆ ದುಡ್ಡು ಕೊಟ್ಟು ತಂದ ಆಟಗಾರರಿದ್ದರು. ಎರಡನೇ ಹಂತದ ಲೀಗ್‌ನಲ್ಲಿ ಇವರೆಲ್ಲ ಒಳ್ಳೆಯ ಆಟಗಾರರೇ. ಒಂದು ಮೆಟ್ಟಿಲು ಮೇಲೆ ಹೋದಾಗ ಚೆಂಡನ್ನು ಹಿಡಿದು ತಲೆ ಎತ್ತಿ ನೋಡುವಷ್ಟು ಹೊತ್ತೂ ಅವರಿಗೆ ಸಿಗಲಿಲ್ಲ. ಸಿದ್ಧವಾಗುವ ಮೊದಲೇ ಬಡ್ತಿ ಸಿಕ್ಕಿಬಿಟ್ಟ ತಂಡದ ಪಾಡು ಅದು. ಇನ್ನು ನಮ್ಮ ಪಕ್ಕದ ಹೈದರಾಬಾದ್ ಎಫ್‌ಸಿಯನ್ನು ನೋಡಿ. 2021–22ರಲ್ಲಿ ಐಎಸ್‌ಎಲ್ ಚಾಂಪಿಯನ್, ಮರುವರ್ಷ ಲೀಗ್‌ನಲ್ಲಿ ಎರಡನೇ ಸ್ಥಾನ. 2023–24ರಲ್ಲಿ 22 ಪಂದ್ಯಗಳಲ್ಲಿ ಒಂದೇ ಗೆಲುವು, 8 ಅಂಕ, ಕೊನೆಯ ಸ್ಥಾನ. ನಡುವೆ ಆದದ್ದು ಸಂಬಳ ಬಾಕಿ, ಹೊಸಬರನ್ನು ನೋಂದಾಯಿಸದಂತೆ ಫಿಫಾ ನಿಷೇಧ, ವಿದೇಶಿ ಆಟಗಾರರು ಮತ್ತು ಹೆಸರಾಂತ ಭಾರತೀಯರು ಒಬ್ಬೊಬ್ಬರಾಗಿ ತಂಡ ಬಿಟ್ಟದ್ದು. ಕೊನೆಗೆ ಕೋಚ್ ತಾಂಗ್‌ಬೊಯ್ ಸಿಂಗ್ಟೊ ಬಹುಪಾಲು ಎಳೆಯ ಭಾರತೀಯ ಹುಡುಗರನ್ನು ಕಟ್ಟಿಕೊಂಡು ಸೀಸನ್ ಮುಗಿಸಿದರು. ಆ ಹುಡುಗರನ್ನು ಕೆಟ್ಟ ಆಟಗಾರರು ಎನ್ನುವುದು ಅನ್ಯಾಯ. ಯಾರೋ ಕೊಡಬೇಕಾದ ಹಣ ಕೊಡಲಿಲ್ಲ, ಬೆಲೆ ತೆತ್ತವರು ಅಂಗಳದಲ್ಲಿದ್ದವರು. ಐಎಸ್‌ಎಲ್‌ನಲ್ಲಿ ಆಗ ಹಿಂಬಡ್ತಿ ಇಲ್ಲದ್ದರಿಂದ ಆ ಎಂಟು ಅಂಕಗಳಿಗಾಗಿ ಅವರು ಪಟ್ಟ ಪಾಡನ್ನು ಯಾರೂ ಹೆಚ್ಚು ಗಮನಿಸಲೂ ಇಲ್ಲ. ಇಂಥ ತಂಡವನ್ನು ಪರದೆಯ ಮೇಲೆ ಹಿಡಿದು, ಎರಡು ಬಟನ್ ಒತ್ತಿ ಹನ್ನೊಂದು ಹೊಸ ಆಟಗಾರರನ್ನು ತಂದು ಕಪ್ ಗೆದ್ದರೆ, ಆ ತಂಡದ ಬಗ್ಗೆ ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿಯನ್ನೇ ಅಳಿಸಿಹಾಕಿದಂತೆ.

ಇಲ್ಲಿಗೆ ಬಂದಾಗ ತಪ್ಪದೆ ಎದುರಾಗುವ ಹೆಸರು ಲೆಸ್ಟರ್ ಸಿಟಿ. 2015–16ರಲ್ಲಿ ಅವರು ಪ್ರೀಮಿಯರ್ ಲೀಗ್ ಗೆಲ್ಲಲಿಲ್ಲವೇ, ಸೀಸನ್ ಶುರುವಿನಲ್ಲಿ ಬಾಜಿಯವರು 5000ಕ್ಕೆ 1 ಎಂದು ಕಟ್ಟಿದ್ದ ತಂಡ ಅದಲ್ಲವೇ, ಹಾಗಿದ್ದ ಮೇಲೆ ಆಟದಲ್ಲಿ ಆದರೆ ತಪ್ಪೇನು ಎಂದು ಕೇಳುತ್ತಾರೆ. ಲೆಸ್ಟರ್‌ನ ಕಥೆಯನ್ನು ಎಲ್ಲರಷ್ಟೇ ನಾನೂ ಪ್ರೀತಿಸುತ್ತೇನೆ. ಪ್ರೀತಿಸುವುದರಿಂದಲೇ ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಮ್ಯಾನೇಜರ್ ಕ್ಲೌಡಿಯೊ ರಾನಿಯೇರಿಯ ಆ ತಂಡ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು, ಹಿಂದೆ ನಿಂತು, ಸಿಕ್ಕ ಕ್ಷಣದಲ್ಲಿ ಸ್ಟ್ರೈಕರ್ ಜೇಮಿ ವಾರ್ಡಿಗೆ ಉದ್ದನೆಯ ಚೆಂಡು ಒದ್ದು ಗೆದ್ದಿತು. ಅಂದರೆ ಬಡ ತಂಡದ ಆಟವನ್ನೇ ಆಡಿ ಗೆದ್ದಿತು. ಅದರ ಹಿಂದಿನ ಸೀಸನ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಅದು ಕೊನೆಯ ಸ್ಥಾನದಲ್ಲಿತ್ತು. ಆಗಿನ ಮ್ಯಾನೇಜರ್ ನೈಜಲ್ ಪಿಯರ್ಸನ್ ಕೈಯಲ್ಲಿ ಹೇಗೋ ಉಸಿರು ಹಿಡಿದು 14ನೆಯದಾಗಿ ಉಳಿಯಿತು. ಆ ಉಳಿಯುವಿಕೆ ಇಲ್ಲದೆ ಕಪ್ಪೇ ಇಲ್ಲ. 2023ರಲ್ಲಿ ಅದೇ ಲೆಸ್ಟರ್ ಹಿಂಬಡ್ತಿಯನ್ನೂ ಪಡೆಯಿತು. ಆಚೆಗೆ 2023–24ರಲ್ಲಿ ಹೊಸದಾಗಿ ಬಡ್ತಿ ಪಡೆದು ಬಂದಿದ್ದ ಲೂಟನ್, ಬರ್ನ್‌ಲಿ, ಶೆಫೀಲ್ಡ್ ಯುನೈಟೆಡ್ ಮೂರೂ ಅದೇ ವರ್ಷ ಕೆಳಗಿಳಿದವು. ಶೆಫೀಲ್ಡ್ 104 ಗೋಲು ಬಿಟ್ಟುಕೊಟ್ಟಿತು. ಮರುವರ್ಷ ಬಂದ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಮೂರೂ ಹಾಗೆಯೇ ಇಳಿದವು. ಇಂದಿನ ಫುಟ್‌ಬಾಲ್‌ನಲ್ಲಿ ತಳದ ತಂಡಕ್ಕೂ ಮೇಲಿನದಕ್ಕೂ ಇರುವ ಕಂದಕ ಇಷ್ಟು ಆಳವಾದದ್ದು. ಮನೆಮನೆಯ ಲ್ಯಾಪ್‌ಟಾಪ್‌ನಲ್ಲೂ ತಿಂಗಳಿಗೊಂದು ಲೆಸ್ಟರ್ ಹುಟ್ಟುತ್ತಿದ್ದರೆ ನಿಜದ ಲೆಸ್ಟರ್ ಮಾಡಿದ್ದರ ಅಚ್ಚರಿಯನ್ನು ನಾವು ಹೇಗೆ ಗ್ರಹಿಸುವುದು?

ಮತ್ತೊಂದು ಆಕ್ಷೇಪ ಇನ್ನೂ ನೇರವಾದದ್ದು. ದಿನವಿಡೀ ದುಡಿದು ಬಂದವರು ಸಂತೋಷಕ್ಕೆಂದು ಆಡುತ್ತಾರೆ, ಅಲ್ಲಿಯೂ ಸೋಲು ಯಾಕೆ? ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗೆದ್ದು ಖುಷಿಪಡುವವರ ಮೇಲೆ ನನಗೆ ದೂರೂ ಇಲ್ಲ. ಆದರೆ ಸಂತೋಷ ಒಂದೇ ಬಗೆಯದು ಎಂದುಕೊಳ್ಳುವುದನ್ನು ಒಪ್ಪಲಾರೆ. ಡರ್ಬಿಯ ಆ ಸೀಸನ್‌ನಲ್ಲಿ ಪ್ರೈಡ್ ಪಾರ್ಕ್‌ಗೆ ಪಂದ್ಯಕ್ಕೆ ಸರಾಸರಿ 32,000ಕ್ಕಿಂತ ಹೆಚ್ಚು ಜನ ಬಂದರು. ಗೆಲುವಿಲ್ಲದ ತಿಂಗಳುಗಳಲ್ಲಿ, ಚಳಿಯಲ್ಲಿ, ದುಡ್ಡು ಕೊಟ್ಟು ಬಂದರು. ಅವರಿಗೆ ಸಿಗುತ್ತಿದ್ದದ್ದು ಏನು ಎಂದು ಮೇಲೇರುವ ಕಥೆ ಉತ್ತರಿಸಲಾರದು. ಸ್ಯಾನ್ ಮರೀನೊ ದೇಶದ ತಂಡ 2024ರ ಸೆಪ್ಟೆಂಬರ್ 5ರಂದು ಲಿಕ್ಟನ್‌ಸ್ಟೈನ್ ತಂಡವನ್ನು 1–0ರಿಂದ ಸೋಲಿಸಿತು. 20 ವರ್ಷಗಳ, 140 ಪಂದ್ಯಗಳ ಬಳಿಕ ಬಂದ ಗೆಲುವು. ಗೋಲು ಹೊಡೆದ ನಿಕೊ ಸೆನ್ಸೋಲಿ ಹುಟ್ಟುವ ಮೊದಲೇ ಹಿಂದಿನ ಗೆಲುವು ಬಂದು ಹೋಗಿತ್ತು. ಆ ರಾತ್ರಿಯ ಸಂತೋಷ ಮ್ಯಾಡ್ರಿಡ್‌ನ ಯಾವ ಕಪ್‌ನಲ್ಲೂ ಇರಲಾರದು. ಅದರ ತೂಕವೆಲ್ಲ ಆ 140 ಪಂದ್ಯಗಳದ್ದು. ಪರದೆಯ ಮೇಲೆ ಆ ಪಂದ್ಯಗಳನ್ನು ಹಾರಿಸಿ, ಅಳಿಸಿ, ಮತ್ತೆ ಲೋಡ್ ಮಾಡಿ ಮುಂದೆ ಹೋದವರಿಗೆ ಒಂದು ಗೋಲಿನ ಗೆಲುವು ಒಂದು ಗೋಲಿನ ಗೆಲುವಷ್ಟೇ ಆಗಿರುತ್ತದೆ.

ಮೇಲೇರುವ ಕಥೆ ಇಷ್ಟು ಹಬ್ಬಲು ವ್ಯಾಪಾರವೂ ಕಾರಣ. ಇಎಯ ಅಲ್ಟಿಮೇಟ್ ಟೀಮ್ ವಿಭಾಗದಲ್ಲಿ ಆರಂಭದ ಸಾಧಾರಣ ತಂಡ ಇರುವುದೇ ಬದಲಾಯಿಸಿಬಿಡುವುದಕ್ಕೆ. ಒಳಗೇನಿದೆ ಎಂದು ತಿಳಿಯದ ಪ್ಯಾಕ್‌ಗಳನ್ನು ದುಡ್ಡು ಕೊಟ್ಟು ಒಡೆದರೆ ದೊಡ್ಡ ಆಟಗಾರ ಬರಬಹುದು, ಬಾರದೆಯೂ ಇರಬಹುದು. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಇದನ್ನು ಜೂಜೆಂದೇ ಪರಿಗಣಿಸಿತು. 2019ರ ಜನವರಿಯಲ್ಲಿ ಇಎ ಆ ದೇಶದಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್‌ಗಳ ಮಾರಾಟ ನಿಲ್ಲಿಸಿತು. ಕೆಟ್ಟ ತಂಡದೊಂದಿಗೆ ಇರುವಷ್ಟು ಕಾಲ ಇರಲು ಒಪ್ಪಿದವರಿಗೆ ಮಾರುವುದಕ್ಕೆ ಇಂಥ ವ್ಯಾಪಾರದ ಬಳಿ ಏನೂ ಇಲ್ಲ.

ಬೆಂಗಳೂರಿನಲ್ಲಿರುವ ನಮಗೆ ಇದು ದೂರದ ಮಾತೂ ಅಲ್ಲ. 2013ರಲ್ಲಿ ಹುಟ್ಟಿ ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿಯ ಕಥೆ ಎಲ್ಲರ ಬಾಯಲ್ಲಿದೆ. ಅದಕ್ಕೆ ಮುಂಚೆ, 2011–12ರ ಐ-ಲೀಗ್‌ನಲ್ಲಿ, ಇದೇ ಊರಿನ ಎಚ್‌ಎಎಲ್ ತಂಡ ತಳ ಸೇರಿ ಹಿಂಬಡ್ತಿ ಪಡೆಯಿತು. ಕಾರ್ಖಾನೆಯ ತಂಡವಾಗಿ ದೇಶದ ಮೇಲಿನ ಲೀಗ್‌ನಲ್ಲಿ ನಿಂತು ಸೋತ ಆ ಆಟಗಾರರನ್ನು ನೆನೆಯುವವರು ಕಡಿಮೆ. ಮೇಲೇರಿದವರ ಕಥೆಯನ್ನಷ್ಟೇ ಕಥೆ ಎನ್ನುವ ಅಭ್ಯಾಸ ಪರದೆಯಿಂದಾಚೆಗೂ ಇದೆ, ಆಟಗಳು ಆ ಅಭ್ಯಾಸಕ್ಕೆ ನೀರೆರೆಯುತ್ತಿವೆ.

ಆಟ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟು. ಕಪ್ ಎತ್ತುವ ದೃಶ್ಯಕ್ಕೆ ಸುರಿಯುವ ಶ್ರಮದಲ್ಲಿ ಒಂದು ಪಾಲನ್ನು ಹಿಂಬಡ್ತಿಯಿಂದ ಪಾರಾಗಿ ಹದಿನೇಳನೇ ಸ್ಥಾನ ಉಳಿಸಿಕೊಂಡ ಮಧ್ಯಾಹ್ನಕ್ಕೆ ಕೊಡಿ. ತಂಡ ಯಾಕೆ ಕೆಟ್ಟಿದೆ ಎಂಬುದು ಆಡುವವರಿಗೆ ತಿಳಿಯಲಿ: ಬಾಕಿ ಸಂಬಳ, ಬೇಗ ಬಂದ ಬಡ್ತಿ, ಮುರಿದ ಆತ್ಮವಿಶ್ವಾಸ ಏನೇ ಇರಲಿ. ಹನ್ನೊಂದು ಹೊಸಬರನ್ನು ಒಂದೇ ಬೇಸಿಗೆಯಲ್ಲಿ ತಂದರೆ ತಂಡ ಒಡೆಯುವಂತೆ ಮಾಡಿ. ನಿಜದಲ್ಲಿ ಅದು ಒಡೆಯುತ್ತದೆ.

ಆಡುವವರಲ್ಲೂ ಒಂದು ಕೋರಿಕೆ ಇದೆ. ಮುಂದಿನ ಸಲ ಹೊಸ ಆಟ ಶುರು ಮಾಡುವಾಗ ಪಟ್ಟಿಯ ತಳದ ತಂಡವನ್ನು ತೆಗೆದುಕೊಳ್ಳಿ. ಟ್ರಾನ್ಸ್‌ಫರ್ ಪುಟಕ್ಕೆ ಹೋಗಬೇಡಿ, ಸೋತ ಪಂದ್ಯವನ್ನು ಮತ್ತೆ ಲೋಡ್ ಮಾಡಬೇಡಿ. ಇರುವ ಆಟಗಾರರ ಹೆಸರು ಕಲಿಯಿರಿ, ಅವರಲ್ಲಿ ಯಾರು ಯಾವ ನಿಮಿಷದಲ್ಲಿ ಸುಸ್ತಾಗುತ್ತಾರೆ ಎಂದು ತಿಳಿದುಕೊಳ್ಳಿ, ಮೇ ತಿಂಗಳ ಕೊನೆಯ ಪಂದ್ಯದವರೆಗೆ ಅವರ ಜೊತೆಗೇ ಇರಿ. ಹಿಂಬಡ್ತಿಯಾದರೆ ಮುಂದಿನ ಸೀಸನ್ ಅದೇ ತಂಡದೊಂದಿಗೆ ಎರಡನೇ ಹಂತದ ಲೀಗ್‌ನಲ್ಲಿ ಶುರು ಮಾಡಿ.